ಒಂದೇ ಪುಸ್ತಕ, ಆರು ಕೈ

ಗೌರಿ ಹಬ್ಬಕ್ಕೆಂದು ಬಂದ ಮಗಳು ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಂದೆಯೇ ಕೂತಿದ್ದಳು. ಹಾಲು ಕೊಡೋಣವೆಂದು ಹೋದರೆ ಕಣ್ಣಲ್ಲಿ ನೀರು! "ನಾನು ಬರೆದದ್ದು ಸೇರಿಸಿದ ಮೇಲೆ ಬಿಲ್ಲಿನ ಲೆಕ್ಕವೆಲ್ಲ ತಪ್ಪು ಬರ್ತಿದೆ ಕಣಮ್ಮ" ಎಂದಳು. ಕೆಲಸಕ್ಕೆ ಸೇರಿ ಇನ್ನೂ ನಾಲ್ಕು ತಿಂಗಳು. ನನ್ನ ಎದೆ ಧಸಕ್ಕೆಂದಿತು.

"ಮೊದಲಿದ್ದದ್ದು ಅಳಿಸಿಹೋಯ್ತೇನೇ?"

"ಇಲ್ಲಮ್ಮ, ಗಿಟ್‌ನಲ್ಲಿದೆ."

ಎಸ್ಸೆಸ್ಸೆಲ್ಸಿ ಓದಿದ ನನಗೆ ಅದೇನು ಗೊತ್ತು? ಪಕ್ಕದಲ್ಲೇ ಕೂತು ಕೇಳಿದೆ. ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿರುತ್ತಾರಲ್ಲ ಸೋದರಿಯರೇ, ನೀವೂ ಕೇಳಿ.

ಒಂದೇ ಪ್ರೋಗ್ರಾಂ ಅನ್ನು ಅವರು ಆರು ಜನ ಸೇರಿ ಬರೆಯುತ್ತಾರೆ. ಪ್ರತಿಯೊಬ್ಬರ ಹತ್ತಿರವೂ ಅದರ ಪ್ರತಿ, ಜೊತೆಗೆ ಮೊದಲಿನಿಂದ ಆದ ಬದಲಾವಣೆಗಳ ಚರಿತ್ರೆ. ಒಂದಿಷ್ಟು ಕೆಲಸವಾದಾಗ 'ಕಮಿಟ್' ಮಾಡಿ, ಏನು ಬದಲಿಸಿದೆ, ಏಕೆ ಎಂದು ಒಂದು ಸಾಲು ಬರೆದಿಡಬೇಕು. ಕಮಿಟ್ ಮಾಡದೆ ಅಳಿಸಿಕೊಂಡದ್ದು ಹೋದ ಹಾಗೇ. ಇಬ್ಬರು ಬೇರೆ ಬೇರೆ ಕಡೆ ತಿದ್ದಿದ್ದರೆ ಗಿಟ್ ತಾನೇ ಸೇರಿಸುತ್ತದೆ. ಒಂದೇ ಸಾಲಿಗೆ ಇಬ್ಬರೂ ಕೈಹಾಕಿದ್ದರೆ ಮಾತ್ರ 'ನೀವೇ ತೀರ್ಮಾನಿಸಿ' ಎಂದು ನಿಂತುಬಿಡುತ್ತದೆ. ನಮ್ಮ ವಾರಗಿತ್ತಿಯರ ಅಡುಗೆಮನೆಗೂ ಇಂಥದ್ದೊಂದು ಇರಬೇಕಿತ್ತು!

ಇದನ್ನು 2005ರಲ್ಲಿ ಬರೆದವರು ಫಿನ್ಲೆಂಡಿನಲ್ಲಿ ಹುಟ್ಟಿದ ಲೀನಸ್ ಟೊರ್ವಾಲ್ಡ್ಸ್. ಅವರ ಲಿನಕ್ಸ್ ಕೆಲಸಕ್ಕೆ ಪುಕ್ಕಟೆ ಸಿಗುತ್ತಿದ್ದ ಬೇರೊಂದು ತಂತ್ರಾಂಶ ನಿಂತುಹೋದಾಗ ತಾವೇ ಕೂತು ಬರೆದರಂತೆ.

ಮಗಳು ಚರಿತ್ರೆ ತೆಗೆದು ನೋಡಿದಳು. ಜೊತೆಯ ಹುಡುಗನೊಬ್ಬ ಒಂದು ಸಾಲು ತಿದ್ದಿ, 'ರಿಯಾಯಿತಿ ಕಳೆದ ಮೇಲೆ ತೆರಿಗೆ ಹಾಕಬೇಕು' ಎಂದು ಕಾರಣ ಬರೆದಿದ್ದ. ಸೇರಿಸುವಾಗ ಗಿಟ್ ಅಲ್ಲೇ ನಿಂತು ಕೇಳಿತ್ತು. ಇವಳು ಅವಸರದಲ್ಲಿ ತನ್ನದನ್ನೇ ಉಳಿಸಿ ಅವನದನ್ನು ತೆಗೆದುಬಿಟ್ಟಿದ್ದಳು! ಅವನ ಸಾಲು ವಾಪಸು ಹಾಕಿದಳು, ಲೆಕ್ಕ ಸರಿಬಂತು.

"ನಿನ್ನ ಹೆಸರು ಬರದ ಹಾಗೆ ಮಾಡೇ" ಎಂದೆ. ತಾಯಿಕರುಳು ನೋಡಿ.

"ಅದು ಹೆಸರು, ಹೊತ್ತು ಎಲ್ಲಾ ತಾನೇ ಬರ್ಕೊಳ್ಳತ್ತಮ್ಮ" ಎಂದು ನಕ್ಕು, 'ಸೇರಿಸುವಾಗ ನಾನು ಮಾಡಿದ ತಪ್ಪು ಸರಿಪಡಿಸಿದ್ದೇನೆ' ಎಂದೇ ಬರೆದು ಕಮಿಟ್ ಮಾಡಿದಳು. ಹಾಲು ಆರಿಹೋಗಿತ್ತು, ಮತ್ತೆ ಬಿಸಿಮಾಡಿ ಕೊಟ್ಟೆ.

ಬೆಳಿಗ್ಗೆ ಅತ್ತೆಯವರ ಉಪ್ಪಿನಕಾಯಿ ಪುಸ್ತಕ ತೆಗೆದೆ. ಮಾವಿನ ಮಿಡಿಯ ಪುಟದಲ್ಲಿ ಉಪ್ಪಿನ ಅಳತೆಯನ್ನು ಯಾರೋ ಗೀಚಿಹಾಕಿ ಬೇರೆ ಬರೆದಿದ್ದಾರೆ. ಯಾರು, ಏಕೆ ಎಂದು ಕೇಳೋಣವೆಂದರೆ ಅತ್ತೆಯವರಿಲ್ಲ. ಬೆಳಕಿಗೆ ಹಿಡಿದರೂ ಮೊದಲಿನ ಅಳತೆ ಕಾಣುವುದಿಲ್ಲ.