ತೆರಿಗೆ ರಸೀದಿ ಪಹಣಿಯಲ್ಲ

‘ಅತಿ ಹೆಚ್ಚು ತೆರಿಗೆ ಕಟ್ಟುವವರು ನಾವು.’ ಮಹದೇವಪುರದ ರಸ್ತೆಗುಂಡಿಗಳ ಸುದ್ದಿ ಎದ್ದಾಗಲೆಲ್ಲ ಈ ಮಾತೂ ಜೊತೆಗೇ ಏಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಂಪನಿಯೊಂದರ ಮುಖ್ಯಸ್ಥರು ಹೊರವರ್ತುಲ ರಸ್ತೆಯ ಸಹವಾಸ ಸಾಕು ಎಂದು ಬರೆದದ್ದೇ ತಡ, ಆಂಧ್ರದ ಸಚಿವರು ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. ಇಲ್ಲಿನ ಸರ್ಕಾರ ಗುಂಡಿ ಮುಚ್ಚಲು ಗಡುವು ಹಾಕಿತು. ಒಳ್ಳೆಯ ರಸ್ತೆ ಕೇಳುವುದು ನ್ಯಾಯವೇ. ಆದರೆ ತೆರಿಗೆ ಕಟ್ಟಿದವರದ್ದೇ ಊರು ಎನ್ನುವುದು ಸೊಕ್ಕು.

ನೆಲದ ಲೆಕ್ಕ ತೆಗೆಯೋಣ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ 3,900 ಎಕರೆಯಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ಹೆಂಚಿನ ಮನೆಗಳ ಆ ವೃತ್ತದಾಚೆ ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಹಗದೂರು, ಇಮ್ಮಡಿಹಳ್ಳಿ. ರಾಗಿ ಹೊಲ, ತರಕಾರಿ ಮಡಿ. ಆಮೇಲೆ ಬಂದದ್ದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ. 1966ರ ಕಾಯ್ದೆಯ 28ನೇ ಕಲಮಿನ ನೋಟಿಸು ಮನೆ ಬಾಗಿಲಿಗೆ ಬಂದರೆ, ಜಮೀನು ಕೊಡುವುದಿಲ್ಲ ಎಂದು ರೈತ ಹೇಳಿದ ಮಾತ್ರಕ್ಕೆ ಸ್ವಾಧೀನ ನಿಲ್ಲುವುದಿಲ್ಲ. ಬೆಲೆಯ ಬಗ್ಗೆ ಕೋರ್ಟಿಗೆ ಅಲೆಯಬಹುದು. 1998ರಲ್ಲಿ ಬಾಗಿಲು ತೆರೆದ ಐಟಿಪಿಎಲ್‌ನಲ್ಲೂ ಆರಂಭದಲ್ಲಿ ಟಾಟಾ ಮತ್ತು ಸಿಂಗಪುರದ ಕೂಟಕ್ಕೆ ತಲಾ ಶೇ 40 ಪಾಲು, ಉಳಿದ ಶೇ 20 ಪಾಲು ಇದೇ ಮಂಡಳಿಯದಾಗಿತ್ತು. ಇಡೀ ರಾಜ್ಯದ ಹೆಗಲ ಮೇಲೆ ಎದ್ದ ಐಶ್ವರ್ಯ ಇದು.

ಭೂಮಿ ಹೋದವರೆಲ್ಲ ಕೋಟ್ಯಧಿಪತಿಗಳಾದರು ಎಂಬ ಇನ್ನೊಂದು ಕತೆಯೂ ಚಲಾವಣೆಯಲ್ಲಿದೆ. ರಸ್ತೆ ಬದಿಗೆ ನಾಲ್ಕು ಗುಂಟೆ ಉಳಿಸಿಕೊಂಡವನು ಪಿಜಿ ಕಟ್ಟಿದ, ನಿಜ. ಗೇಣಿಗೆ ಉಳುತ್ತಿದ್ದವನಿಗೆ, ಕೂಲಿಗೆ ಬರುತ್ತಿದ್ದವಳಿಗೆ ಯಾವ ಪರಿಹಾರ ಸಿಕ್ಕಿತು? ಪಹಣಿಯಲ್ಲಿ ಹೆಸರಿಲ್ಲದವರಿಗೆ ಚೆಕ್ಕೂ ಇಲ್ಲ.

ನೀರಿನದೂ ಇದೇ ಪಾಡು. ಊರಿನ ಕೊಳಚೆ ವರ್ತೂರು ಕೆರೆಗೆ ಇಳಿದು, ನೊರೆ ಎದ್ದು ರಸ್ತೆಗೆ ಹಾರಿತು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆಯ ನೀರು ತೊರೆಕಾಡನಹಳ್ಳಿಯಿಂದ, ಮಂಡ್ಯದ ರೈತ ಕಾಯುವ ಅದೇ ನದಿಯಿಂದ ಬರುತ್ತದೆ. ಅವನು ಯಾವ ರಸೀದಿ ತೋರಿಸಬೇಕು?

ಇನ್ನು ಇಲ್ಲಿನ ಅಪಾರ್ಟ್‌ಮೆಂಟುಗಳ ಪಾತ್ರೆ ತಿಕ್ಕುವವರು, ಕಸ ವಿಂಗಡಿಸುವವರು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥವರ ಶೆಡ್ಡುಗಳನ್ನು, ಅಲ್ಲಿರುವವರು ಬಾಂಗ್ಲಾದೇಶಿಯರು ಎಂಬ ಗುಲ್ಲೆಬ್ಬಿಸಿ ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಮಧ್ಯೆ ಬರಬೇಕಾಯಿತು. ಬೆಳಿಗ್ಗೆ ಗೇಟಿನೊಳಗೆ ಬೇಕಾದವರು ಸಂಜೆ ಹೊತ್ತಿಗೆ ಒತ್ತುವರಿದಾರರಾಗುವುದು ಹೇಗೆ?

ಇವರು ಎಷ್ಟು ಮಂದಿ ಎಂದು ಲೆಕ್ಕವಿಟ್ಟವರೂ ಇಲ್ಲ. ಬೆಂಗಳೂರು ನಗರ ಜಿಲ್ಲೆ 2001ರ 65 ಲಕ್ಷದಿಂದ 2011ರಲ್ಲಿ 96 ಲಕ್ಷಕ್ಕೆ ಏರಿತ್ತು, ಒಂದೇ ದಶಕದಲ್ಲಿ ಶೇ 47. 2021ರ ಜನಗಣತಿ ಆ ವರ್ಷ ನಡೆಯಲೇ ಇಲ್ಲ. ಕಂಪನಿಯ ಒಂದು ಸಾಲಿಗೆ ಓಡೋಡಿ ಬರುವ ಸರ್ಕಾರಗಳಿಗೆ ಬಡವರ ತಲೆ ಎಣಿಸುವ ಅವಸರವಿಲ್ಲ. ಯಾದಗಿರಿಯಿಂದ ಬಸ್ಸುಗಳು ಮಾತ್ರ ಬರುತ್ತಲೇ ಇವೆ.

ಈಗ ಮಹದೇವಪುರ, ಕೆ.ಆರ್. ಪುರ ಎರಡೇ ಕ್ಷೇತ್ರಗಳನ್ನು ಸೇರಿಸಿ ಬೆಂಗಳೂರು ಪೂರ್ವ ಪಾಲಿಕೆ ಮಾಡಿದ್ದಾರೆ. ‘ನಮ್ಮ ತೆರಿಗೆ ನಮಗೇ’ ಎನ್ನುವವರಿಗೆ ಕೇಳಿದ್ದು ಕೈಗೆ ಸಿಕ್ಕಿದೆ. ಹಾಗಿದ್ದರೆ ಆ ಹಣದ ಮೊದಲ ಕಂತು ತೂಬರಹಳ್ಳಿಯ ಶೆಡ್ಡುಗಳ ನಲ್ಲಿಗೆ, ಶೌಚಾಲಯಕ್ಕೆ, ಸಿದ್ದಾಪುರದ ಓಣಿಗಳ ಒಳಚರಂಡಿಗೆ ಹೋಗಲಿ. ಡಾಂಬರು ಆಮೇಲೆ.