ರಕ್ತದ ಸಾಕ್ಷ್ಯವೂ ಕರುಳಿನ ಗಂತಿಯೂ

ಒಂದು ತೊಟ್ಟು ರಕ್ತದಿಂದ ಕ್ಯಾನ್ಸರನ್ನು ಪತ್ತೆಮಾಡಬಹುದೆಂಬ ವಾರ್ತೆಯನ್ನು ವಾಚಕರು ಆಗಾಗ್ಗೆ ಓದಿರಬಹುದು. ನಾನು ವೈದ್ಯನಲ್ಲ, ಭೌತಶಾಸ್ತ್ರವನ್ನು ಪಾಠ ಹೇಳುವವನು. ಆದರೆ 1919ರಲ್ಲಿ ಆಸ್ಟನ್ನನು ಕೇಂಬ್ರಿಜ್ಜಿನಲ್ಲಿ ಕಟ್ಟಿದ ರಾಶಿರೋಹಿತ ಯಂತ್ರದ ವಂಶಜವೇ ಇಂದು ರಕ್ತದಲ್ಲಿರುವ ನೂರಾರು ಸಣ್ಣ ಅಣುಗಳನ್ನು ತೂಗಿ ನೋಡುತ್ತಿರುವುದರಿಂದ, ಅಳತೆಯ ವಿಚಾರವಾಗಿ ಎರಡು ಮಾತು ಹೇಳಬಹುದೆಂದುಕೊಂಡಿದ್ದೇನೆ.

ಜೀವಕೋಶವು ಆಹಾರವನ್ನು ಬಳಸಿಕೊಂಡು ಬಾಳುವಾಗ ದೊರೆಯುವ ಸಕ್ಕರೆ, ಅಮೈನೋ ಆಮ್ಲ, ಮೇದಸ್ಸು ಮೊದಲಾದವುಗಳಿಗೆ ಮೆಟಬೊಲೈಟುಗಳೆಂದು ಹೆಸರು. ಕ್ಯಾನ್ಸರ್ ಕೋಶಗಳು ಆಮ್ಲಜನಕ ಧಾರಾಳವಾಗಿದ್ದರೂ ಗ್ಲೂಕೋಸನ್ನು ಪೂರ್ತಿ ದಹಿಸದೆ, ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡಿ ಹೊರಚೆಲ್ಲುವುವೆಂದು ವಾರ್ಬರ್ಗನು 1920ರ ದಶಕದಲ್ಲಿಯೇ ತೋರಿಸಿದನು. ಅರೆಬೆಂದ ಸೌದೆಯನ್ನು ಒಲೆಯಿಂದ ಎಳೆದೆಸೆಯುವ ದುಂದುಗಾರನಂತೆ! ಇಂಥ ಅವ್ಯವಸ್ಥೆಯ ಗುರುತು ರಕ್ತದಲ್ಲಿ ಏಕೆ ಸಿಕ್ಕಬಾರದು? ತರ್ಕವೇನೋ ಸರಿಯೆ.

ತೊಡಕಿರುವುದು ಬೇರೆಡೆ. ದೊಡ್ಡ ಕರುಳಿನ ಕ್ಯಾನ್ಸರು ಒಂದೇ ದಿನದಲ್ಲಿ ಹುಟ್ಟತಕ್ಕದ್ದಲ್ಲ. ಬಹುಮಟ್ಟಿಗೆ ಮೊದಲು ಒಳಪೊರೆಯಲ್ಲಿ ಅಡಿನೋಮವೆಂಬ ಸಣ್ಣ ಗಂತಿ ಏಳುವುದು. ಹೆಚ್ಚಿನವು ಹಾಗೆಯೇ ಉಳಿಯುವುವು. ಕೆಲವು ಮಾತ್ರ, ಸಾಮಾನ್ಯವಾಗಿ ಹತ್ತಾರು ವರ್ಷಗಳಲ್ಲಿ, ಕ್ಯಾನ್ಸರಾಗುವುವು. ಅಷ್ಟರೊಳಗೆ ಅದನ್ನು ಕತ್ತರಿಸಿ ತೆಗೆದರೆ ಅದರಿಂದ ರೋಗ ಬರುವ ಭಯವಿಲ್ಲ. ಆದುದರಿಂದ ನಮಗೆ ಬೇಕಾದ ಸುದ್ದಿ ಗಂತಿಯದು. ಅದರ ದನಿಯಾದರೋ ಬಲು ಕ್ಷೀಣ. ನಿನ್ನೆಯ ಊಟ, ಬೆಳಗಿನ ನಡಿಗೆ ಎಲ್ಲವೂ ಅದಕ್ಕಿಂತ ಗಟ್ಟಿಯಾಗಿ ಕೂಗುವುವು. ರಕ್ತವನ್ನು ನಳಿಕೆಯಲ್ಲಿ ಸುಮ್ಮನೆ ಇಟ್ಟರೂ ಕೆಂಪುಕಣಗಳು ಗ್ಲೂಕೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಿಸುತ್ತಿರುವುವು.

2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಕ್ತಪರೀಕ್ಷೆಯೊಂದುಂಟು. ಅದು ನೋಡುವುದು ಮೆಟಬೊಲೈಟುಗಳನ್ನಲ್ಲ, ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು. ಕ್ಯಾನ್ಸರುಳ್ಳವರಲ್ಲಿ ನೂರಕ್ಕೆ 83 ಮಂದಿಯನ್ನು ಅದು ಗುರುತಿಸಿತು. ಬಲಿತ ಗಂತಿಯುಳ್ಳವರಲ್ಲಿ ನೂರಕ್ಕೆ 13 ಮಂದಿಯನ್ನು ಮಾತ್ರ! ಮೆಟಬೊಲೈಟು ಪರೀಕ್ಷೆಗಳನ್ನೂ ಈ ಎರಡನೆಯ ಅಂಕಿಯಿಂದಲೇ ಅಳೆಯಬೇಕೆಂಬುದು ನನ್ನ ವಾದ. ರೋಗದಿಂದ ಸೊರಗಿ ಊಟ ಬಿಟ್ಟವನ ರಕ್ತವನ್ನು ಉಂಡು ಕುಳಿತ ಆರೋಗ್ಯವಂತನ ರಕ್ತದೊಡನೆ ಹೋಲಿಸಿದರೆ ವ್ಯತ್ಯಾಸ ಕಾಣದಿರುವುದೇ ಆಶ್ಚರ್ಯ. ಆದರೆ ಅದು ಕ್ಯಾನ್ಸರಿನದೋ ಉಪವಾಸದ್ದೋ? ಕರುಳುದರ್ಶನಕ್ಕೆಂದು ಒಂದೇ ಬಗೆಯ ಪಥ್ಯ ಮಾಡಿ, ಭೇದಿಮದ್ದು ಕುಡಿದು ಬಂದವರೆಲ್ಲರ ರಕ್ತವನ್ನೂ ಪರೀಕ್ಷೆಗೆ ಮೊದಲೇ ತೆಗೆದಿಟ್ಟು, ಕ್ಯಾನ್ಸರುಳ್ಳವರು, ಗಂತಿಯುಳ್ಳವರು, ಏನೂ ಇಲ್ಲದವರು ಎಂದು ಅನಂತರ ವಿಂಗಡಿಸಿ ಹೋಲಿಸುವುದು ನ್ಯಾಯವಾದ ಮಾರ್ಗ.

ಅಲ್ಲಿಯವರೆಗೆ, ವೈದ್ಯರು ಕರುಳುದರ್ಶನವನ್ನು ಸೂಚಿಸಿದಾಗ ರಕ್ತಪರೀಕ್ಷೆಯ ಸುದ್ದಿಯನ್ನು ನಂಬಿ ಮುಂದೂಡುವುದು ಸಲ್ಲದು. ರಕ್ತದಲ್ಲಿ ಸಂದೇಹ ಕಂಡರೂ ಕೊನೆಗೆ ಹೋಗಬೇಕಾದುದು ಅದೇ ದರ್ಶಕ ನಳಿಕೆಯ ಬಳಿಗೆ. ಗಂತಿಯನ್ನು ಕತ್ತರಿಸುವ ತಂತಿಯ ಕುಣಿಕೆ ಹೊರಬರುವುದು ಅದರ ತುದಿಯಿಂದಲೇ.