ಚಿಕ್ಕ ಆಪತ್ತಿನ ದೊಡ್ಡ ವೆಚ್ಚ: ಧಾರವಾಡ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ



ಈ ಜಿಲ್ಲೆಯ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಹಾಗೂ ಕುಂದುಕೊರತೆ ನಿವಾರಣಾ ಪ್ರಾಧಿಕಾರದ ಅಧ್ಯಕ್ಷಪದವಿಯೂ ತಮ್ಮದೇ ಆದುದರಿಂದ, ಹುಬ್ಬಳ್ಳಿ-ಧಾರವಾಡದ ಮನೆಮನೆಗಳಲ್ಲಿ ಜನರು ನಿಟ್ಟುಸಿರಿನೊಡನೆ ಆಡಿಕೊಳ್ಳುವ, ಆದರೆ ಲಿಖಿತ ದೂರಿನ ರೂಪವನ್ನು ವಿರಳವಾಗಿ ತಾಳುವ ಒಂದು ಸಂಕಟವನ್ನು ತಮ್ಮ ಅವಗಾಹನೆಗೆ ತರುವುದು ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಹೇಳಹೊರಟಿರುವುದು ಮಹಾವ್ಯಾಧಿಗಳ ವೆಚ್ಚವನ್ನಲ್ಲ. ನಡುರಾತ್ರಿ ಬಂದು ನಸುಕಿಗೆ ಶಮನವಾಗುವ ಚಿಕ್ಕ ಆಪತ್ತಿನ ವೆಚ್ಚವನ್ನು.

ಮಗುವಿಗೆ ಜ್ವರ ನೆತ್ತಿಗೇರುತ್ತದೆ. ಮುದುಕರಿಗೆ ವಾಂತಿಭೇದಿಯಾಗಿ ಕಣ್ಣು ಕತ್ತಲೆಗೂಡುತ್ತದೆ. ಎದೆ ಹಿಡಿದಂತಾಗಿ, ವಾಯುವೋ ಹೃದಯಾಘಾತವೋ ತಿಳಿಯದೆ ಮನೆಯವರು ಗಾಬರಿಯಿಂದ ಆಟೋ ಹತ್ತಿಸುತ್ತಾರೆ. ಹತ್ತಿರದ ಖಾಸಗಿ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಕೆಲವು ತಾಸುಗಳ ಉಪಚಾರ ದೊರೆತು ಜೀವವು ಸ್ವಸ್ಥವಾಗುವಷ್ಟರಲ್ಲಿ, ನೋಂದಣಿ, ರಾತ್ರಿವೇಳೆಯ ವೈದ್ಯಶುಲ್ಕ, ಹಾಸಿಗೆ, ಮಾನಿಟರ್, ಸಲೈನು, ಸೂಜಿ, ಕೈಗವಸು, ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಂದು ಸಾಲುಗಟ್ಟಿದ ಬಿಲ್ಲು, ಕೂಲಿಯಿಂದ ಬದುಕುವ ಕುಟುಂಬವು ಮೈಮೇಲಿನ ಬಂಗಾರವನ್ನು ಗಿರವಿಯಿಡಬೇಕಾದ ಮೊತ್ತವಾಗಿ ಬೆಳೆದಿರುತ್ತದೆ. ಅಂಗಡಿಯಲ್ಲಿ ದರ ಕೇಳಿ ಮುಂದಿನಂಗಡಿಗೆ ನಡೆಯಬಲ್ಲ ಮನುಷ್ಯನು, ನರಳುತ್ತಿರುವ ತಾಯಿಯನ್ನು ಮಲಗಿಸಿದ ಬಾಗಿಲಲ್ಲಿ ಏನನ್ನೂ ಕೇಳಲಾರನು.

ಸರಕಾರವು ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ತಾಸುಗಳಲ್ಲಿ 25,000 ರೂಪಾಯಿಯವರೆಗೆ ಉಚಿತ ಚಿಕಿತ್ಸೆ ನೀಡುವ ಸಾಂತ್ವನ ಹರೀಶ್ ಯೋಜನೆ 2016ರಲ್ಲಿಯೇ ಬಂದಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ನೆರವನ್ನು ಆರೋಗ್ಯ ಕರ್ನಾಟಕ ಯೋಜನೆ ವಾಗ್ದಾನ ಮಾಡಿದೆ. ಆದರೆ ಆ ಯೋಜನೆಯಲ್ಲಿ, ತುರ್ತೆಂದು ಪಟ್ಟಿಯಲ್ಲಿ ಹೆಸರಿಸಿದ ಚಿಕಿತ್ಸೆಗಳನ್ನುಳಿದು ಮಿಕ್ಕವುಗಳಿಗೆ ಸರಕಾರಿ ಆಸ್ಪತ್ರೆಯ ಶಿಫಾರಸಿಲ್ಲದೆ ಖಾಸಗಿಯಲ್ಲಿ ನೆರವು ದೊರೆಯದು. ಹಣ ಕಟ್ಟಿ ಕೊಂಡ ಆರೋಗ್ಯವಿಮೆಯಾದರೋ ಸಾಮಾನ್ಯವಾಗಿ 24 ತಾಸು ಒಳರೋಗಿಯಾಗಿರಬೇಕೆಂಬ ನಿಬಂಧನೆಯನ್ನು ಒಡ್ಡುತ್ತದೆ. ಹೀಗಾಗಿ ಸಾಯುವಷ್ಟು ಕಾಯಿಲೆ ಬೀಳದೆ, ಬೆಳಗಾಗುತ್ತಲೇ ಎದ್ದು ನಡೆದವನೇ ಎಲ್ಲ ಆಶ್ರಯಗಳಿಂದಲೂ ಹೊರಗುಳಿಯುತ್ತಾನೆ.

1957ರಲ್ಲಿ ಸ್ಥಾಪಿತವಾದ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ಆಸ್ಪತ್ರೆ ಇದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ಅದರ ಉಪಕಾರವನ್ನು ಈ ನಾಡು ಮರೆಯಬಾರದು. ಆದರೆ ಗದಗ, ಹಾವೇರಿ ಮೊದಲಾದ ಜಿಲ್ಲೆಗಳ ರೋಗಿಗಳ ಭಾರವನ್ನೂ ಅದು ಹೊರುತ್ತಿರುವಾಗ, ಅಲ್ಲಿಯ ಸರದಿಯನ್ನು ಕಂಡು ಹೆದರಿ ಖಾಸಗಿ ಬಾಗಿಲಿಗೆ ಹೋದವನನ್ನು ದೂಷಿಸುವುದು ನ್ಯಾಯವಲ್ಲ.

ವೈದ್ಯರ ವಾದವನ್ನೂ ನಾನು ಬಲ್ಲೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಇದೇ ನಗರದ ರೋಗಿಗಳೂ ಬವಣೆಪಟ್ಟರು. ರಾತ್ರಿಯಿಡೀ ವೈದ್ಯ, ದಾದಿ, ಯಂತ್ರಗಳನ್ನು ಸಜ್ಜಾಗಿರಿಸುವುದಕ್ಕೆ ವೆಚ್ಚ ತಗಲುವುದು ಸತ್ಯ. ಅಂತೆಯೇ ನನ್ನ ಪ್ರಾರ್ಥನೆ ದರವನ್ನು ಇಳಿಸಿರೆಂದಲ್ಲ, ದರವನ್ನು ತಿಳಿಸಿರೆಂದು. ದರಪಟ್ಟಿಯನ್ನು ಎದ್ದುಕಾಣುವಂತೆ ಪ್ರಕಟಿಸತಕ್ಕದ್ದು, ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸತಕ್ಕದ್ದಲ್ಲ ಎಂಬ ವಿಧಿಗಳು ಆ ಕಾಯಿದೆಯಲ್ಲಿಯೇ ಇವೆ. ಆ ಪಟ್ಟಿಯು ಕಚೇರಿಯ ಕಪಾಟಿನಲ್ಲಿರದೆ ಕ್ಯಾಜುವಾಲ್ಟಿಯ ಬಾಗಿಲಲ್ಲಿಯೇ, ದೊಡ್ಡ ಕನ್ನಡ ಅಕ್ಷರಗಳಲ್ಲಿ, ರಾತ್ರಿಯ ಶುಲ್ಕ, ಸಾಮಾನ್ಯ ಪರೀಕ್ಷೆಗಳ ದರ ಮತ್ತು ತಮ್ಮ ಪ್ರಾಧಿಕಾರಕ್ಕೆ ದೂರು ಸಲ್ಲಿಸುವ ಬಗೆಯ ಸಮೇತ ಇರುವಂತೆ ಆಜ್ಞಾಪಿಸಬೇಕು. ಜೀವಾಪಾಯ ಕಳೆದ ಮೇಲೆ ಮಾಡುವ ಪ್ರತಿಯೊಂದು ಪರೀಕ್ಷೆಗೂ ಮುನ್ನ ಅದರ ಅಗತ್ಯವನ್ನೂ ಬೆಲೆಯನ್ನೂ ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವಂತೆ ಕಟ್ಟುಮಾಡಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಹಗಲಿನಲ್ಲಿ ಕಾಗದಪತ್ರಗಳ ಮೂಲಕ ಪರಿಶೀಲಿಸದೆ, ರಾತ್ರಿಯ ಹೊತ್ತು, ಪೂರ್ವಸೂಚನೆಯಿಲ್ಲದೆ, ಸ್ವತಃ ಹೋಗಿ ನೋಡುವಂತೆ ತಾವು ನಿರ್ದೇಶಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಓರ್ವ ಪೌರ